ಬೇಟೆಗಾರರ ಬೇಟೆ

ಸಮಯ ಕೈಜಾರುತ್ತಿತ್ತು! ಆಕೆಗೆ 43 ವರ್ಷ. ಪಿತ್ತನಾಳದಲ್ಲಿ ಹುಟ್ಟಿದ ಕ್ಯಾನ್ಸರ್ ಯಕೃತ್ತಿಗೂ ಶ್ವಾಸಕೋಶಕ್ಕೂ ನುಗ್ಗಿತ್ತು. ಕೀಮೋಥೆರಪಿ ಕೈಕೊಟ್ಟಿತ್ತು. ಉಳಿದದ್ದು ಒಂದೇ ದಾರಿ: ಅಮೆರಿಕದ ಬೆಥೆಸ್ಡಾದಲ್ಲಿ, ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸ್ಟೀವನ್ ರೋಸೆನ್‌ಬರ್ಗ್ ತಂಡದ ಪ್ರಯೋಗ.

ಶ್ವಾಸಕೋಶದ ಗಡ್ಡೆ ಕತ್ತರಿಸಿ ತೆಗೆದರು. ಅದರೊಳಗೆ ಆಕೆಯದೇ ರೋಗನಿರೋಧಕ ಪಡೆಯ ಟಿ-ಕೋಶಗಳು ನುಸುಳಿದ್ದವು. ಇವುಗಳಲ್ಲಿ ಬೇಟೆಗಾರರು ಯಾರು, ಸುಮ್ಮನೆ ಹಾದುಹೋಗುವವರು ಯಾರು? ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಒಂದೇ ಥರ!

ಗಡ್ಡೆಯ ಡಿಎನ್‌ಎ ಓದಿದರು. ಪ್ರೋಟೀನನ್ನೇ ಬದಲಿಸಿದ್ದ ರೂಪಾಂತರಗಳು 26. ಆ ಅಷ್ಟೂ ರೂಪಾಂತರಗಳ ತುಣುಕುಗಳನ್ನು ಆಕೆಯ ರಕ್ತದಿಂದ ಬೆಳೆಸಿದ, ಟಿ-ಕೋಶಗಳಿಗೆ ಶತ್ರುವಿನ ಗುರುತು ತೋರಿಸುವ ಡೆಂಡ್ರೈಟಿಕ್ ಕೋಶಗಳಿಗೆ ಸೇರಿಸಿ, ತಟ್ಟೆಯ ಪುಟ್ಟ ಪುಟ್ಟ ಗುಳಿಗಳಲ್ಲಿ ಟಿ-ಕೋಶಗಳಿಗೆ ಮುಖಾಮುಖಿ ನಿಲ್ಲಿಸಿದರು. ಶತ್ರುವಿನ ಗುರುತು ಹತ್ತಿದ ಟಿ-ಕೋಶ ಇಂಟರ್‌ಫೆರಾನ್-ಗ್ಯಾಮಾ ಎಂಬ ಸಂಕೇತದ ಪ್ರೋಟೀನ್ ಸುರಿಸುತ್ತದೆ. ಅದು ಕೂತ ಜಾಗದಲ್ಲೇ ಗುಳಿಯ ತಳಕ್ಕೆ ಬಣ್ಣದ ಚುಕ್ಕೆ ಮೂಡುತ್ತದೆ. ಚುಕ್ಕೆಗಳು ಮೂಡಿದವು! ಜಾಡು ಹಿಡಿದು ಹೊರಟರೆ ಸಿಕ್ಕಿದ್ದು ಒಂದೇ ಒಂದು ರೂಪಾಂತರ, ಇಆರ್‌ಬಿಬಿ2ಐಪಿ ಎಂಬ ಜೀನಿನಲ್ಲಿ. ಅದನ್ನು ಹಿಡಿದವು ಸಿಡಿ4 ಎಂಬ ಬಗೆಯ ಟಿ-ಕೋಶಗಳು. ಗಡ್ಡೆ ಕೊಲ್ಲುವ ಕೀರ್ತಿ ಸಾಮಾನ್ಯವಾಗಿ ಸಿಡಿ8 ಕೋಶಗಳ ಪಾಲಾಗುತ್ತದೆ. ಹಾಗಾಗಿ ಇದು ನನಗಂತೂ ರೋಮಾಂಚನದ ಸಂಗತಿ.

ಮುಂದಿನದು ಪ್ರಾಣವನ್ನೇ ಪಣಕ್ಕಿಡುವ ಹೆಜ್ಜೆ. ಗಡ್ಡೆಯಿಂದ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿದ ಟಿ-ಕೋಶಗಳನ್ನು ಮರಳಿ ದೇಹಕ್ಕೆ ಹರಿಸುವ ಮುನ್ನ, ಅವುಗಳಿಗೆ ಜಾಗ ಮಾಡಲು ಇದ್ದ ರೋಗನಿರೋಧಕ ಪಡೆಯನ್ನೇ ಔಷಧಿ ಕೊಟ್ಟು ಬರಿದು ಮಾಡಬೇಕು. ಆ ದಿನಗಳಲ್ಲಿ ಸಣ್ಣ ಸೋಂಕೂ ಜೀವಕ್ಕೆ ಎರವಾಗಬಹುದು. ಆಕೆ ಒಪ್ಪಿದರು. 4,240 ಕೋಟಿ ಕೋಶಗಳು ರಕ್ತನಾಳಕ್ಕೆ ಹರಿದವು. ಗಡ್ಡೆಗಳು ಕುಗ್ಗಿದವು, ಏಳನೇ ತಿಂಗಳಿಗೆ ಶೇ 30ರಷ್ಟು! ಎಲ್ಲರೂ ಉಸಿರು ಬಿಗಿಹಿಡಿದರು. ಆದರೆ ಸುಮಾರು ಒಂದು ವರ್ಷ ತೆಪ್ಪಗಿದ್ದ ರೋಗ ಶ್ವಾಸಕೋಶದಲ್ಲಿ ಮತ್ತೆ ಹೆಡೆಯೆತ್ತಿತು.

ಎಡವಿದ್ದೆಲ್ಲಿ? ಹರಿಸಿದ ಕೋಶಗಳಲ್ಲಿ ನಿಜವಾದ ಬೇಟೆಗಾರರು ಕಾಲುಭಾಗ ಮಾತ್ರ!

ಎರಡನೇ ದಾಳಿಗೆ ಆ ಬೇಟೆಗಾರರನ್ನೇ ಹೆಕ್ಕಿ ಬೆಳೆಸಿದರು. 12,600 ಕೋಟಿ ಕೋಶಗಳು. ಶೇ 95ಕ್ಕೂ ಹೆಚ್ಚು ಆ ಒಂದೇ ರೂಪಾಂತರದ ಬೆನ್ನುಹತ್ತಿದವು. ಆಕೆ ಮತ್ತೊಮ್ಮೆ ಅದೇ ಅಗ್ನಿಪರೀಕ್ಷೆಗೆ ಮೈಯೊಡ್ಡಿದರು. ಈ ಸಲ ಯಕೃತ್ತಿನಲ್ಲೂ ಶ್ವಾಸಕೋಶದಲ್ಲೂ ಗಡ್ಡೆಗಳು ಕರಗತೊಡಗಿದವು. 2014ರ ಮೇ ತಿಂಗಳಲ್ಲಿ ‘ಸೈನ್ಸ್’ ಪತ್ರಿಕೆ ಈ ಕಥೆಯನ್ನು ಜಗತ್ತಿಗೆ ತಿಳಿಸಿತು.

ಕೋಶಗಳ ಸಂಖ್ಯೆಯೂ ಸುಮಾರು ಮೂರು ಪಟ್ಟಾಗಿತ್ತು, ನಿಜ. ಆದರೂ ಈ ಗೆಲುವನ್ನು ನಾನು ಆ ಹೆಕ್ಕುವ ಕೆಲಸದ ಲೆಕ್ಕಕ್ಕೇ ಬರೆಯುತ್ತೇನೆ, ಎರಡು ಸಲ ಜೀವ ಒತ್ತೆಯಿಟ್ಟ ಆ ತಾಯಿಯ ಧೈರ್ಯದ ಜೊತೆಗೆ.