ಮಕ್ಕಳ ಆಟ ಮತ್ತು ಹಿರಿಯರ ಕಣ್ಣು

ಈಚೆಗೆ ದಾವಣಗೆರೆಯ ಸದ್ಭಕ್ತರೊಬ್ಬರು ಶ್ರೀಮಠಕ್ಕೆ ಬಂದು, ತಾವು ಆರಂಭಿಸಲಿರುವ ಹೊಸ ಉದ್ಯೋಗವೊಂದರ ಉದ್ಘಾಟನೆಗೆ ದಯಮಾಡಿಸಬೇಕೆಂದು ಬಿನ್ನವಿಸಿಕೊಂಡರು. ಗಿರಣಿ, ಅಂಗಡಿ, ಕಲ್ಯಾಣಮಂಟಪ, ಆಸ್ಪತ್ರೆ ಮೊದಲಾದವುಗಳ ಪ್ರಾರಂಭೋತ್ಸವಗಳನ್ನು ಸಾಕಷ್ಟು ಕಂಡ ನಾವು ಇದೂ ಅಂಥದೇ ಒಂದಿರಬೇಕೆಂದು ಒಪ್ಪಿಕೊಂಡೆವು. ಹೋಗಿ ನೋಡಿದರೆ ಅದು ಮಕ್ಕಳ ಆಟದ ಮನೆ!

ಬಿಸಿಲು ಮಳೆಗಳ ಭಯವಿಲ್ಲದ ದೊಡ್ಡ ಹಜಾರ. ನೆಲಕ್ಕೆಲ್ಲ ಮೆತ್ತೆ, ಕಂಬಗಳಿಗೂ ಮೆತ್ತೆಯ ಹೊದಿಕೆ. ಸುತ್ತಲೂ ಬಲೆ ಕಟ್ಟಿದ ಎರಡಂತಸ್ತಿನ ಚೌಕಟ್ಟಿನೊಳಗೆ ಏಣಿ, ಸುರಂಗ, ಜಾರುಬಂಡೆಗಳು. ಒಂದು ಮೂಲೆಯಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಚೆಂಡುಗಳಿಂದ ತುಂಬಿದ ಕೊಳ. ಇನ್ನೊಂದು ಮೂಲೆಯಲ್ಲಿ ಕುಣಿದವರನ್ನು ಮೇಲಕ್ಕೆಸೆಯುವ ಟ್ರ್ಯಾಂಪೊಲಿನ್. ನಗರದವರು ಇದನ್ನು ‘ಸಾಫ್ಟ್ ಪ್ಲೇ’ ಎನ್ನುತ್ತಾರಂತೆ. “ಬುದ್ಧಿ, ಇಲ್ಲಿ ಎಲ್ಲವೂ ಮೆತ್ತಗೆ. ಮಗು ಎಲ್ಲಿ ಬಿದ್ದರೂ ಏನೂ ಆಗುವುದಿಲ್ಲ. ತಂದೆತಾಯಿಗಳು ನಿಶ್ಚಿಂತೆಯಿಂದ ಕುಳಿತು ಕಾಫಿ ಕುಡಿಯಬಹುದು” ಎಂದು ಆ ಭಕ್ತರು ಸಂತೋಷದಿಂದ ವಿವರಿಸಿದರು.

ಸಮಾರಂಭ ಮುಗಿದು ಮಕ್ಕಳನ್ನು ಒಳಗೆ ಬಿಟ್ಟರು. ಅವರ ಕೇಕೆ ಹಜಾರವನ್ನು ತುಂಬಿತು. ಹಿರಿಯರು ಸುತ್ತಲಿನ ಕುರ್ಚಿಗಳಲ್ಲಿ ಕುಳಿತರು. ಕೆಲವರು ಮಾತಿಗೆ ತೊಡಗಿದರು, ಹಲವರು ಮೊಬೈಲಿನಲ್ಲಿ ಮುಳುಗಿದರು. ಎರಡು ವರ್ಷದ ಒಂದು ಕೂಸು ತಪ್ಪಡಿಯಿಡುತ್ತ ಚೆಂಡಿನ ಕೊಳಕ್ಕೆ ಇಳಿದು, ಎದೆಯವರೆಗೆ, ಅನಂತರ ಕುತ್ತಿಗೆಯವರೆಗೆ ಹುದುಗಿತು. ಅದರ ನೇರಕ್ಕೇ ಮೇಲಿನಿಂದ ಜಾರುಬಂಡೆಯೊಂದು ಬಂದು ಸೇರುತ್ತಿತ್ತು. ತುದಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ತಲೆ ಮುಂದಾಗಿ ಜಾರಲು ಸಿದ್ಧನಾಗಿದ್ದ. “ಈ ಕೂಸು ಯಾರದು?” ಎಂದು ನಾವು ಗಟ್ಟಿಯಾಗಿ ಕೇಳಿದೆವು. ತಕ್ಷಣ ಯಾರೂ ಉತ್ತರ ಕೊಡಲಿಲ್ಲ. ಅಲ್ಲಿನ ಕೆಲಸದ ಹುಡುಗಿಯೊಬ್ಬಳು ಓಡಿಹೋಗಿ ಕೂಸನ್ನು ಎತ್ತಿಕೊಂಡಳು. ಹುಡುಗ ಜಾರಿಬಂದು ಅದು ಇದ್ದ ಜಾಗದಲ್ಲಿಯೇ ಬಿದ್ದು, ನಗುತ್ತ ಎದ್ದ. ಅವನ ತಪ್ಪೇನೂ ಇರಲಿಲ್ಲ. ಚೆಂಡುಗಳ ನಡುವೆ ಅವನಿಗೆ ಕೂಸು ಕಂಡಿರಲೇ ಇಲ್ಲ.

ಆ ಕ್ಷಣ ನಮ್ಮ ಮನಸ್ಸು ಮೂವತ್ತು ವರ್ಷಗಳಿಗೂ ಹಿಂದಕ್ಕೆ ಹೋಯಿತು. 1993ರ ಮಾರ್ಚ್ ತಿಂಗಳು. ನಾವು ಎಂ.ಎ. ಪರೀಕ್ಷೆಯ ಓದಿಗಾಗಿ ಧಾರವಾಡದಿಂದ ಮಠಕ್ಕೆ ಬಂದಿದ್ದೆವು. ಒಂದು ಭಾನುವಾರ ಪ್ರಸಾದನಿಲಯದ ಚಿಕ್ಕ ಹುಡುಗರನ್ನು ನೋಡಿಕೊಳ್ಳುವ ಕೆಲಸವನ್ನು ಹಿರಿಯ ಗುರುಗಳು ನಮಗೆ ಒಪ್ಪಿಸಿದರು. ಸುಗ್ಗಿ ಮುಗಿದು ದನದ ಕೊಟ್ಟಿಗೆಯ ಪಕ್ಕದ ಕೊಠಡಿಯಲ್ಲಿ ಹೊಟ್ಟು ತುಂಬಿತ್ತು. ಹುಡುಗರು ಗಿಡ್ಡ ಗೋಡೆಯನ್ನೇರಿ ಅದರೊಳಕ್ಕೆ ಧುಮುಕುತ್ತಿದ್ದರು. ಹೊಟ್ಟಿಗಿಂತ ಮೆತ್ತನೆಯದು ಇನ್ನಾವುದು? ಏನಾದೀತು ಎಂದುಕೊಂಡು ನಾವು ಬಾಗಿಲ ಬಳಿ ಕುಳಿತು ಪುಸ್ತಕ ತೆರೆದೆವು.

ಎಷ್ಟು ಪುಟಗಳನ್ನು ಓದಿದೆವೋ ನೆನಪಿಲ್ಲ. “ಅವನು ಮೇಲೆ ಬರಲಿಲ್ಲ” ಎಂದು ಒಬ್ಬ ಹುಡುಗ ಅಳುದನಿಯಲ್ಲಿ ಹೇಳಿದಾಗ ತಲೆಯೆತ್ತಿದೆವು. ಏಳು ವರ್ಷದ ಬಾಲಕನೊಬ್ಬ ಹೊಟ್ಟಿನಲ್ಲಿ ಹೂತುಹೋಗಿದ್ದ. ಅವನ ಮೇಲೆ ದೊಡ್ಡ ಹುಡುಗನೊಬ್ಬ ಧುಮುಕಿದ್ದ. ಕೈಗಳಿಂದ ಬಗೆದು ಹೊರತೆಗೆದೆವು. ಬಾಯಿ ಮೂಗುಗಳಲ್ಲೆಲ್ಲ ಹೊಟ್ಟು. ಭುಜದ ಎಲುಬು ಮುರಿದಿತ್ತು. ದೈವಕೃಪೆಯಿಂದ ಉಸಿರಿತ್ತು. ಅಂದು ಸಂಜೆ ಹಿರಿಯ ಗುರುಗಳು ನಮ್ಮನ್ನು ಬೈಯಲಿಲ್ಲ. “ಮರಿ, ಅಲ್ಲಿ ಎಷ್ಟು ಹುಡುಗರಿದ್ದರು?” ಎಂದು ಮಾತ್ರ ಕೇಳಿದರು. ನಮಗೆ ಉತ್ತರ ಗೊತ್ತಿರಲಿಲ್ಲ.

ಇನ್ನೊಂದು ಮಾತನ್ನು ಇಲ್ಲಿ ಮರೆಮಾಡದೆ ಹೇಳಬೇಕು. ಬಾಲಕನ ತಂದೆ ಹಳ್ಳಿಯಿಂದ ಬಂದು, “ನಮ್ಮ ಹುಡುಗ ಬಹಳ ತುಂಟ, ತಮಗೆ ತೊಂದರೆ ಕೊಟ್ಟ” ಎಂದು ಕೈಮುಗಿದಾಗ ನಾವು ಸುಮ್ಮನಿದ್ದೆವು. ತಪ್ಪು ಹುಡುಗನದಾಗಿರಲಿಲ್ಲ, ನಮ್ಮದಾಗಿತ್ತು. ಆ ತಂದೆ ಈಗಿಲ್ಲ. ಮಗ ಎರಡು ಮಕ್ಕಳ ತಂದೆಯಾಗಿ, ಈ ಪತ್ರಿಕೆಯ ಓದುಗನೂ ಆಗಿದ್ದಾನೆ. ಅಂದು ಆಡಬೇಕಾಗಿದ್ದ ಮಾತನ್ನು ಇಂದು ಆಡುತ್ತಿದ್ದೇವೆ.

ಇದರಿಂದ ಇಂಥ ಆಟದ ಮನೆಗಳೇ ಬೇಡವೆಂದು ಯಾರೂ ತಿಳಿಯಬಾರದು. ಎರಿಕ್ ಮ್ಯಾಕ್‌ಮಿಲನ್ ಎಂಬ ವಿನ್ಯಾಸಕಾರರು 1972ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಮಕ್ಕಳಿಗಾಗಿಯೇ ಒಂದು ಆಟದ ಹಳ್ಳಿಯನ್ನು ರಚಿಸಿದರು. ಇಂದಿನ ಮೆತ್ತನೆಯ ಆಟದ ಮನೆಗಳಿಗೆ ಅದೇ ಮೂಲವೆನ್ನುತ್ತಾರೆ. ಹತ್ತುವುದು, ತೆವಳುವುದು, ಜಾರುವುದು ಬೆಳೆಯುವ ದೇಹದ ಸಹಜ ಹಸಿವು. ಬಯಲು, ಮರ, ಕಣಗಳಿಲ್ಲದ ನಗರದ ಮಕ್ಕಳಿಗೆ ಆ ಹಸಿವನ್ನು ತಣಿಸಲು ಇವು ಬೇಕೇ ಬೇಕು. ಆದರೆ ಮೆತ್ತೆ ಬಿದ್ದ ಪೆಟ್ಟನ್ನು ಕಡಿಮೆ ಮಾಡಬಲ್ಲದೇ ಹೊರತು ಮಗುವನ್ನು ಕಾಯಲಾರದು. ಒಂದು ಮಗು ಇನ್ನೊಂದು ಮಗುವಿನ ಮೇಲೆ ಬಿದ್ದಾಗ ಅವುಗಳ ನಡುವೆ ಯಾವ ಮೆತ್ತೆಯೂ ಇರುವುದಿಲ್ಲ.

ಆದುದರಿಂದ ಎಳೆಯ ಕೂಸುಗಳಿಗೆ ಬೇರೆಯ ಆವರಣವಿದ್ದರೆ ಅಲ್ಲಿಯೇ ಆಡಿಸಬೇಕು. ಹಿರಿಯರೊಬ್ಬರು ಕೈಗೆಟುಕುವಷ್ಟು ಹತ್ತಿರದಲ್ಲಿರಬೇಕು. ಜಾರುಬಂಡೆಯಲ್ಲಿ ಒಮ್ಮೆಗೆ ಒಬ್ಬರು, ಕಾಲು ಮುಂದಾಗಿ. ಕೆಳಗಿನವರು ಸರಿದ ಮೇಲೆಯೇ ಮೇಲಿನವರು. ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಜಾರುವುದು ವಾತ್ಸಲ್ಯವೆಂದು ಹಲವರ ಭಾವನೆ. ಅದು ಅಪಾಯಕರ. ಮಗುವಿನ ಪಾದ ಬದಿಗೆ ಸಿಕ್ಕಿಕೊಂಡರೆ ಹಿರಿಯರ ಭಾರ ಅದನ್ನು ಮುಂದಕ್ಕೆ ಎಳೆದೊಯ್ಯುತ್ತದೆ. ಎಳೆಯ ಎಲುಬು ತಿರುಚಿ ಮುರಿಯುತ್ತದೆ. ಟ್ರ್ಯಾಂಪೊಲಿನ್‌ನಲ್ಲಿಯೂ ಹಲವರು ಕೂಡಿ ಕುಣಿದರೆ, ಹಗುರವಾದ ಮಗುವೇ ಹೆಚ್ಚಾಗಿ ಎಸೆಯಲ್ಪಡುತ್ತದೆ. ಬಾಯಲ್ಲಿ ಪೆಪ್ಪರಮಿಂಟನ್ನೋ ಚೂಯಿಂಗ್ ಗಮ್ಮನ್ನೋ ಇಟ್ಟುಕೊಂಡು ಆಡಲು ಬಿಡಬಾರದು. ಜ್ವರ, ಭೇದಿಗಳಿರುವ ಮಗುವನ್ನು ಕರೆದೊಯ್ಯಬಾರದು. ಆಟ ಮುಗಿದೊಡನೆ, ಏನನ್ನಾದರೂ ತಿನ್ನುವ ಮೊದಲು, ಕೈಗಳನ್ನು ಸಾಬೂನಿನಿಂದ ತೊಳೆಸಬೇಕು.

ಕೊರಳ ಸರ, ಅಂಗಿಯ ಟೋಪಿಗಿರುವ ಲಾಡಿ, ಹೆಗಲ ಚೀಲ ಇವು ಬಲೆಗೋ ಜಾರುಬಂಡೆಯ ಅಂಚಿಗೋ ಸಿಕ್ಕಿಕೊಂಡರೆ ಉರುಲಾಗಬಲ್ಲವು. ಇಲ್ಲಿ ನಮ್ಮ ಭಕ್ತರ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಲಿಂಗಧಾರಣೆಯಾದ ಮಗುವಿನ ಕೊರಳಿನ ಶಿವದಾರದ ಗತಿಯೇನು? ಅದನ್ನು ಸಡಿಲವಾಗಿ ತೂಗಬಿಟ್ಟು ಮಗುವನ್ನು ಮೇಲೆ ಹತ್ತಿಸಬಾರದು. ಕೊರಳಿನಿಂದ ದಾರ ತೂಗದಂತೆ ವಸ್ತ್ರದಲ್ಲಿಟ್ಟು ಎದೆಗೆ ಒತ್ತಿ ಕಟ್ಟಲು ಬಂದರೆ ಸರಿ. ಇಲ್ಲವಾದರೆ ಅಂದು ಏಣಿ ಜಾರುಬಂಡೆಗಳನ್ನು ಬಿಟ್ಟು ನೆಲದ ಮೇಲಿನ ಆಟ ಆಡಲಿ. ಇಷ್ಟಲಿಂಗದ ಮೇಲಿನ ನಿಷ್ಠೆಗೂ ಮಗುವಿನ ಪ್ರಾಣರಕ್ಷಣೆಗೂ ವಿರೋಧವಿಲ್ಲ.

ಕೂಡುವ ಮೊದಲು ಹೊರಬಾಗಿಲುಗಳು ಎಲ್ಲಿವೆ, ಅವು ತೆರೆದಿವೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಮೆತ್ತೆಯೊಳಗಿನ ಫೋಮು ಬೇಗನೆ ಹೊತ್ತಿ ವಿಷಕಾರಿ ಹೊಗೆಯನ್ನು ಕಾರುವ ವಸ್ತು. 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನ ಆಟದ ಕೇಂದ್ರವೊಂದರಲ್ಲಿ ಬೆಂಕಿ ಬಿದ್ದು, ಮಕ್ಕಳೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವಿಲ್ಲದೆಯೇ ಅದು ನಡೆಯುತ್ತಿತ್ತು. ಅಂಥ ಪತ್ರವಿದೆಯೇ ಎಂದು ಕೇಳುವುದು ಗ್ರಾಹಕನ ಹಕ್ಕು. ತಂದೆಗೆ ಅದು ಕರ್ತವ್ಯ.

ದಾವಣಗೆರೆಯ ಆ ಭಕ್ತರಿಗೆ ನಾವು ಅಂದೇ ಇದನ್ನೆಲ್ಲ ತಿಳಿಸಿದೆವು. ಅವರು ಬೇಸರಪಡಲಿಲ್ಲ. ಒಂದೇ ವಾರದಲ್ಲಿ ಕೂಸುಗಳಿಗಾಗಿ ಬೇರೆ ಆವರಣ ಕಟ್ಟಿಸಿದರು. ಹಿರಿಯರ ಕುರ್ಚಿಗಳನ್ನು ಗೋಡೆಯ ಬದಿಯಿಂದ ಬಲೆಯ ಬದಿಗೆ, ಮಕ್ಕಳ ಕಡೆಗೆ ಮುಖಮಾಡಿ ಇರಿಸಿದರು. ಈ ಎರಡನೆಯ ಕೆಲಸಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ.

ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಮಕ್ಕಳನ್ನು ಇಂಥಲ್ಲಿಗೆ ಕರೆದೊಯ್ಯುವ ಭಕ್ತರಲ್ಲಿ ನಮ್ಮ ಮಾತು ಇಷ್ಟೆ. ಒಳಗೆ ಬಿಡುವಾಗ ಮಕ್ಕಳನ್ನು ಎಣಿಸಿರಿ, ನಡುನಡುವೆ ಎಣಿಸಿರಿ, ಹೊರಡುವಾಗ ಎಣಿಸಿರಿ. ಹಲವರು ಹಿರಿಯರಿದ್ದಾಗ ಎಲ್ಲರೂ ನೋಡುತ್ತಿದ್ದಾರೆಂದು ಯಾರೂ ನೋಡದೆ ಹೋಗುವುದುಂಟು. ಆದುದರಿಂದ ಈ ಹೊತ್ತು ಯಾರ ಸರದಿ ಎಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳಿರಿ. ಸರದಿಯವರು ಮೊಬೈಲನ್ನು ಜೇಬಿನಲ್ಲಿಡಲಿ. ನಮ್ಮ ಕೈಯಲ್ಲಿ ಅಂದು ಇದ್ದದ್ದು ಒಳ್ಳೆಯ ಪುಸ್ತಕವೇ. ಆದರೂ ಗುರುಗಳ ಆ ಒಂದು ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.