ಕಲ್ಲಿನಡಿಯ ಲೆಕ್ಕ

ಸಿದ್ದಾಪುರ ಬಿಟ್ಟ ಬಸ್ಸು ಮಾವಿನಗುಂಡಿ ದಾಟಿ ಹೊನ್ನಾವರದ ದಾರಿ ಹಿಡಿಯುತ್ತಿದ್ದಂತೆ ಕಾಡು ರಸ್ತೆಯಂಚಿಗೇ ಬಂತು. ಜೊತೆಗೆ ಹೈಸ್ಕೂಲು ಮಕ್ಕಳು, ಅವರ ವಿಜ್ಞಾನದ ಮೇಡಂ. ಚೀಲದಲ್ಲಿ ಬಿಳಿ ತಟ್ಟೆ, ಚಹಾ ಸೋಸುವ ಜಾಲರಿ, ಥರ್ಮಾಮೀಟರ್, ಒಂದು ನಿಂಬೆಹಣ್ಣು.

ಮೊದಲು ಕತ್ತಲೆಕಾನಿನ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು. ಸಿಂಗಳೀಕಗಳಿರುವ ಕಾಡದು, ನೋಡುವುದಷ್ಟೇ, ಏನನ್ನೂ ಮುಟ್ಟುವಂತಿಲ್ಲ. ಕೆಸರಿನಲ್ಲಿ ಗಾಳಿ ಸಿಗದ ಬೇರುಗಳು ಮಂಡಿ ಮಡಚಿದಂತೆ ಮೇಲೆದ್ದು ಮತ್ತೆ ಮಣ್ಣಿಗಿಳಿದಿದ್ದವು. ಬೇಸಿಗೆಯಲ್ಲೂ ಹಳ್ಳಕ್ಕೆ ನೀರು ಜಿನುಗಿಸುವುದು ಇಂಥ ಜಡ್ಡಿಗಳೇ.

ಕಾಡಿನಾಚೆಯ ಹಳ್ಳದಲ್ಲಿ ಮಕ್ಕಳ ಕೆಲಸ ಶುರುವಾಯಿತು. 10 ಮೀಟರ್ ಹಗ್ಗ ಹಿಡಿದು, ನಿಂಬೆಹಣ್ಣು ತೇಲಿಬಿಟ್ಟು ನೀರಿನ ಓಟ ಅಳೆದರು. ಆಮೇಲೆ ಕಲ್ಲೆತ್ತಿ, ಅಡಿಯನ್ನು ಮೆಲ್ಲಗೆ ತಟ್ಟೆಗೆ ತೊಳೆದರು. "ಸರ್, ಇದ್ಕೆ ಮೂರು ಬಾಲ ಅದೆ!" ಮೇಫ್ಲೈ ಮರಿ. ಹೊಟ್ಟೆಯ ಎರಡೂ ಬದಿ ತೆಳ್ಳನೆಯ ಕಿವಿರುಗಳು ಬಿಡುವಿಲ್ಲದೆ ಬಡಿಯುತ್ತಿದ್ದವು. ಪಕ್ಕದಲ್ಲಿ ಮರಳಿನ ಕಣಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿಕೊಂಡ ಕ್ಯಾಡಿಸ್ ಹುಳ. ತಲೆ ಹೊರಗಿಟ್ಟು, ಮನೆಯನ್ನೇ ಎಳೆದುಕೊಂಡು ಹೊರಟಿತ್ತು. ಎಷ್ಟು ಹೊತ್ತು ನೋಡಿದರೂ ನನಗೆ ಸಾಕೆನಿಸಲಿಲ್ಲ. ಎಣಿಸಿ ಬರೆದುಕೊಂಡ ಮೇಲೆ ಎಲ್ಲವನ್ನೂ ಬಂದಲ್ಲಿಗೇ ಬಿಟ್ಟರು.

ಅಡಿಕೆ ತೋಟದ ಕೆಳಗೆ, ದಂಡೆಯ ಮರ ಕಡಿದ ಜಾಗದಲ್ಲಿ ತಟ್ಟೆ ಬಹುತೇಕ ಖಾಲಿ. ಬಿಸಿಲು ಬಿದ್ದ ನೀರು ಕೈಗೇ ಬೆಚ್ಚಗಿತ್ತು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಈ ಹುಳಗಳಿಗೆ ಅದು ದೊಡ್ಡ ವ್ಯತ್ಯಾಸ. ನೆರಳಿಲ್ಲದ್ದೊಂದೇ ಕಾರಣವೆಂದು ಹುಡುಗರು ಬರೆದುಕೊಳ್ಳುವಷ್ಟರಲ್ಲಿ ಹುಡುಗಿಯೊಬ್ಬಳು ತಡೆದಳು: "ಮೇಡಂ, ಕೊಳೆ ಔಷಧಿ ಹೊಡೆದ ಮೇಲೆ ಅಪ್ಪ ಬ್ಯಾರಲ್ ತೊಳೆಯೋದು ಈ ಹಳ್ಳದಲ್ಲೇ."

ಕೊಳೆ ಔಷಧಿಯೆಂದರೆ ಬೋರ್ಡೋ ದ್ರಾವಣ. ಅದರ ಮೈಲುತುತ್ತದಲ್ಲಿರುವುದು ತಾಮ್ರ. ಅಡಿಕೆಯ ಕೊಳೆಯನ್ನು ತಡೆಯುವ ಅದೇ ತಾಮ್ರ ನೀರಿನ ಹುಳಗಳಿಗೆ ವಿಷ. ತೋಟ ಉಳಿಯದೆ ಆ ಮನೆ ನಡೆಯದು, ನಿಜ. ಆದರೆ ಬ್ಯಾರಲ್ಲನ್ನು ಹಳ್ಳದಿಂದ ದೂರ ತೊಳೆಯಲು ಖರ್ಚೇನೂ ಇಲ್ಲವಲ್ಲ! ಮುಂದಿನ ಮಳೆಗಾಲ ಔಷಧಿ ಹೊಡೆಯುವ ಮೊದಲೊಮ್ಮೆ, ಆಮೇಲೊಮ್ಮೆ ಅದೇ ಕಲ್ಲುಗಳನ್ನು ನೋಡುವುದೆಂದು ಮಕ್ಕಳು ತೀರ್ಮಾನಿಸಿದರು. ಔಷಧಿ ಹೊಡೆಯುವ ದಿನವನ್ನು ಅಪ್ಪನಿಂದ ಕೇಳಿ ತಿಳಿಸುವ ಕೆಲಸ ಅವಳದೇ.