ಬಸವನಗುಡಿಯ ಭಾನುವಾರಗಳು

ಬೆಂಗಳೂರಿಗೆ ಪ್ರವಾಸ ಬಂದವರು ವಿಧಾನಸೌಧ, ಕಬ್ಬನ್ ಪಾರ್ಕು, ಲಾಲ್‌ಬಾಗು ಎಂದು ಒಂದೇ ದಿನದಲ್ಲಿ ಸುತ್ತಿ ಮುಗಿಸುತ್ತಾರೆ. ಊರಿನಲ್ಲೇ ಇರುವವರಿಗೆ ಅಷ್ಟು ಪುರಸೊತ್ತೂ ಇಲ್ಲ. 'ಎಲ್ಲಿ ಹೋಗುತ್ತದೆ, ನಾಳೆ ನೋಡಿದರಾಯಿತು' ಎಂದು ಮುಂದೂಡುತ್ತಲೇ ಮಕ್ಕಳು ದೊಡ್ಡವರಾಗಿ ಬೇರೆ ಊರು ಸೇರಿಬಿಡುತ್ತಾರೆ.

ಬಸವನಗುಡಿಯ ಹಿರಿಯರೊಬ್ಬರು ಈ ಮಾತಿಗೆ ಅಪವಾದ. ಅಂಚೆ ಇಲಾಖೆಯಿಂದ ನಿವೃತ್ತರಾದ ಅವರು ಭಾನುವಾರ ಬೆಳಗ್ಗೆ ಆರು ಗಂಟೆಗೆ ಬಟ್ಟೆಯ ಚೀಲವೊಂದನ್ನು ಹೆಗಲಿಗೇರಿಸಿ ಹೊರಟರೆ ಮನೆಗೆ ಮರಳುವುದು ಒಂಬತ್ತೂವರೆಗೆ. ಜೊತೆಯಲ್ಲಿ ಮೊಮ್ಮಗಳು. ಒಂದನೆಯ ತರಗತಿಯಿಂದಲೂ ಅವಳು ತಾತನ ಜೊತೆಗಾತಿ. ಆದರೆ ಹತ್ತನೆಯ ತರಗತಿಗೆ ಬಂದ ವರ್ಷ ಮನೆಯಲ್ಲಿ ಸಣ್ಣದೊಂದು ಚರ್ಚೆ ಎದ್ದಿತು. ಭಾನುವಾರ ಬೆಳಗ್ಗೆ ಗಣಿತದ ಟ್ಯೂಷನ್ ಇಟ್ಟುಕೊಂಡರೆ ಹೇಗೆ ಎಂಬುದು ಮಗನ ಯೋಚನೆ. 'ಸುತ್ತಾಟ ಮುಂದಿನ ವರ್ಷ ಇದ್ದೇ ಇದೆಯಲ್ಲ ಅಪ್ಪ' ಎಂದ ಮಗನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಿರಿಯರು ವಾದ ಮಾಡಲಿಲ್ಲ. 'ದಸರಾ ರಜೆ ಮುಗಿಯುವವರೆಗೆ ಬಿಡು, ಆಮೇಲೆ ನೋಡೋಣ' ಎಂದಷ್ಟೇ ಹೇಳಿದರು.

ಬೆಳಗಿನ ಎಂಟು ಗಂಟೆಯ ಬಂಡೆ

ಅವರ ನಡಿಗೆ ಶುರುವಾಗುವುದು ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ. 1760ರಲ್ಲಿ ಹೈದರಾಲಿ ಹಾಕಿಸಿದ ತೋಟ ಇಂದು ಸುಮಾರು 240 ಎಕರೆಗೆ ಹರಡಿದೆ. 1889ರಲ್ಲಿ ಅಸ್ತಿಭಾರ ಹಾಕಿದ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯೋತ್ಸವಕ್ಕೊಮ್ಮೆ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಆ ದಿನಗಳಲ್ಲಿ ಕಾಲಿಡಲು ಜಾಗವಿರದು. ತಾತ-ಮೊಮ್ಮಗಳಿಗೆ ಇಷ್ಟವಾದದ್ದು ಉಳಿದ ದಿನಗಳ ಲಾಲ್‌ಬಾಗು.

ಗಾಜಿನ ಮನೆಯನ್ನು ದಾಟಿ ನಡೆದರೆ ಎದುರಾಗುವುದು ದೊಡ್ಡ ಬಂಡೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಎಲ್ಲರೂ ಗೋಪುರದ ಬಳಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ; ಕಾಲ ಕೆಳಗಿನ ಕಲ್ಲನ್ನು ನೋಡುವವರು ಕಡಿಮೆ. ಬಗ್ಗಿ ನೋಡಿದರೆ ಬಿಳುಪು-ಕಪ್ಪು ಪಟ್ಟೆಗಳು ಅಲೆಯಂತೆ ಸಾಗುವುದು ಕಾಣುತ್ತದೆ. ಇದು ನೈಸ್ ಎಂಬ ರೂಪಾಂತರ ಶಿಲೆ. ಭೂಮಿಯ ಆಳದಲ್ಲಿ ಅಪಾರ ಶಾಖ, ಒತ್ತಡಗಳಿಗೆ ಸಿಕ್ಕಿ ಹೀಗೆ ಪಟ್ಟೆಪಟ್ಟೆಯಾಗಿದೆ. ವಯಸ್ಸು ಸುಮಾರು 300 ಕೋಟಿ ವರ್ಷ. 1975ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು.

300 ಕೋಟಿ ಎಂದರೆ ಮಕ್ಕಳಿಗೆ ಏನು ಅರ್ಥವಾದೀತು? ಭೂಮಿಯ ವಯಸ್ಸನ್ನೆಲ್ಲ ಒಂದು ದಿನವೆಂದು ಭಾವಿಸಿದರೆ ಲೆಕ್ಕ ಸುಲಭ. ಬೆಳಗ್ಗೆ ಎಂಟರ ಸುಮಾರಿಗೆ ಈ ಬಂಡೆ ಹುಟ್ಟಿತು. ಡೈನೋಸಾರ್‌ಗಳು ಅಳಿದದ್ದು ರಾತ್ರಿ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ. ಕೆಂಪೇಗೌಡರ ಕಾಲದಿಂದ ಇವತ್ತಿನವರೆಗೆ ಆದದ್ದು ಒಂದು ಸೆಕೆಂಡಿನ ನೂರನೆಯ ಒಂದು ಭಾಗ ಮಾತ್ರ! ಈ ಲೆಕ್ಕವನ್ನು ಹುಡುಗಿ ಏಳನೆಯ ತರಗತಿಯಲ್ಲಿದ್ದಾಗ ಬಂಡೆಯ ಮೇಲೆ ಕುಳಿತೇ ಮಾಡಿದ್ದಳು.

ಬಂಡೆಯಿಂದ ಇಳಿದರೆ ಮರಗಳು. ಉದ್ಯಾನದ ಮೇಲ್ವಿಚಾರಕರಾಗಿದ್ದ ಜರ್ಮನ್ ತಜ್ಞ ಕ್ರುಂಬಿಗಲ್ ಅವರು ಒಂದು ಮರದ ಹೂವು ಉದುರುವ ಹೊತ್ತಿಗೆ ಮತ್ತೊಂದು ಅರಳುವಂತೆ ಜಾತಿಗಳನ್ನು ಆರಿಸಿ ಊರಿನ ಬೀದಿಗಳಲ್ಲಿ ಸಾಲುಮರ ನೆಡಿಸಿದರು ಎಂಬುದು ಪ್ರಸಿದ್ಧ. ವರ್ಷದ ಕೊನೆಗೆ ಆಕಾಶಮಲ್ಲಿಗೆ, ಫೆಬ್ರವರಿ-ಮಾರ್ಚಿನಲ್ಲಿ ಹಳದಿ ಟಬೂಬಿಯ ಮತ್ತು ನೀಲಿ ಜಕರಂಡ, ಏಪ್ರಿಲ್-ಮೇಯಲ್ಲಿ ಕೆಂಪು ಗುಲ್‌ಮೊಹರ್. ಬೀದಿಯ ಮರಗಳೇ ಪಂಚಾಂಗ. ಜಕರಂಡದ ತವರು ದಕ್ಷಿಣ ಅಮೆರಿಕ, ಗುಲ್‌ಮೊಹರಿನದು ಮಡಗಾಸ್ಕರ್ ಎಂದು ಹೇಳಿದರೆ ಮಕ್ಕಳ ಭೂಗೋಳವೂ ಒಂದಿಷ್ಟು ಹಿಗ್ಗುತ್ತದೆ.

ತೋಳಿನ ಮೇಲೆ ದೋಸೆಯ ಸಾಲು

ಏಳೂವರೆಗೆ ಹಸಿವು. ಅಲ್ಲಿಂದ ಗಾಂಧಿ ಬಜಾರಿಗೆ ಹಿಂದಿರುಗುವ ದಾರಿ ನೇರ, ಅಗಲ. ಇದಕ್ಕೂ ಕಾರಣವಿದೆ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು 19ನೆಯ ಶತಮಾನದ ಕೊನೆಯಲ್ಲಿ. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನ ಇತ್ತ ಬಂದು ನೆಲೆಸಿದರು. ಗಾಳಿ ಬೆಳಕು ಆಡಲೆಂದೇ ಅಗಲವಾದ ರಸ್ತೆಗಳು. ಇಂದು ಹೆಂಚಿನ ಮನೆಗಳು ಒಂದೊಂದಾಗಿ ಮರೆಯಾಗಿ ಬಹುಮಹಡಿ ಕಟ್ಟಡಗಳು ಎದ್ದಿದ್ದರೂ ರಸ್ತೆಗಳ ಮೂಲ ನಕ್ಷೆ ಹಾಗೆಯೇ ಉಳಿದಿದೆ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ, ಸುತ್ತಮುತ್ತಲ ವಿದ್ಯಾರ್ಥಿಗಳಿಗಾಗಿ. ಹೆಸರೇ ಅದನ್ನು ಹೇಳುತ್ತದೆ. ಭಾನುವಾರ ಅಲ್ಲಿ ಕಾಯದೆ ಕುರ್ಚಿ ಸಿಗುವುದಿಲ್ಲ. ಹೊರಗೆ ನಿಂತು ಹೆಸರು ಕೂಗುವುದನ್ನು ಕಾಯುವುದೂ ಒಂದು ಸುಖವೇ. ಒಳಗೆ ಹೋದರೆ ದೋಸೆಗಿಂತ ಮೊದಲು ನೋಡಬೇಕಾದದ್ದು ಬಡಿಸುವವರ ಕೈಚಳಕ. ಒಂದೇ ತೋಳಿನ ಮೇಲೆ ಹತ್ತಾರು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು, ಮೇಜುಗಳ ನಡುವೆ ಓಡುತ್ತ ಬರುತ್ತಾರೆ. ಗುರುತ್ವ ಕೇಂದ್ರದ ಪಾಠ ಇದಕ್ಕಿಂತ ಚೆನ್ನಾಗಿ ಬೇರೆಲ್ಲಿ ಸಿಕ್ಕೀತು? ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗಿರುವ ಮಸಾಲೆ ದೋಸೆ ತಿಂದು, ಕಾಫಿ ಕುಡಿದು ಹೊರಬಂದರೆ ಹೂವಿನಂಗಡಿಗಳ ಸಾಲು. ಅಜ್ಜಿ ಹೇಳಿ ಕಳಿಸಿದ ಒಂದು ಮೊಳ ಕನಕಾಂಬರ, ಅರ್ಧ ಕೆಜಿ ಅವರೆಕಾಯಿ ಚೀಲ ಸೇರುತ್ತವೆ. ಚೌಕಾಸಿ ಮಾಡುವುದು ಮೊಮ್ಮಗಳ ಕೆಲಸ.

ನೆಲದೊಳಗೆ ಕಾಯಿ

ಕಾರ್ತೀಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ ಬಂದರೆ ಬಸವನಗುಡಿಯ ಲಯವೇ ಬದಲಾಗುತ್ತದೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆನ್ನುವ ದೊಡ್ಡ ಬಸವಣ್ಣನ ಗುಡಿಯ ಸುತ್ತ ರಸ್ತೆಯ ಎರಡೂ ಬದಿ ಕಡಲೆಕಾಯಿಯ ರಾಶಿ. ಹಿಂದೆ ಇಲ್ಲಿ ಹೊಲಗಳಿದ್ದವು, ರಾತ್ರಿ ಬಸವನೊಂದು ಬಂದು ಪೈರನ್ನು ಮೇಯುತ್ತಿತ್ತು, ರೈತರು ಮೊದಲ ಫಸಲನ್ನು ಅವನಿಗೇ ಅರ್ಪಿಸುವುದಾಗಿ ಹರಕೆ ಹೊತ್ತರು ಎಂಬುದು ಐತಿಹ್ಯ. ಹಸಿ, ಹುರಿದದ್ದು, ಉಪ್ಪು ಹಾಕಿ ಬೇಯಿಸಿದ್ದು, ಎರಡು ಕಾಳಿನದು, ಮೂರು ಕಾಳಿನದು ಎಂದು ಬಗೆಬಗೆ. ಸೇರಿನಲ್ಲಿ ಅಳೆದು ಕೊಟ್ಟ ಮೇಲೆ ಕೊಸರು ಕೇಳದವರಿಲ್ಲ.

ಕಡಲೆಕಾಯಿ ಗಿಡದ ಸ್ವಭಾವ ವಿಚಿತ್ರ. ಹೂವು ಅರಳುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದೊಳಗೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕುಡಿಯೊಂದು ಕೆಳಕ್ಕೆ ಬೆಳೆದು ಮಣ್ಣನ್ನು ಚುಚ್ಚಿ ಒಳಹೋಗುತ್ತದೆ. ಅದರ ತುದಿಯೇ ಕತ್ತಲಲ್ಲಿ ಉಬ್ಬಿ ಕಾಯಾಗುತ್ತದೆ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಗಿಡದ ಸಮೇತ ಕಾಯಿ ತಂದ ರೈತರೊಬ್ಬರು ಆ ಗಂಟುಗಳನ್ನು ಉಗುರಿನಿಂದ ಬಿಡಿಸಿ ಹುಡುಗಿಗೆ ತೋರಿಸಿದ್ದರು. ಪುಸ್ತಕದಲ್ಲಿ ಚಿತ್ರ ನೋಡಿದ್ದವಳು ಗಂಟನ್ನು ಮುಟ್ಟಿದ್ದು ಅಂದೇ ಮೊದಲು.

ಗವಿಗೆ ಬರುವ ಬಿಸಿಲು

ದೊಡ್ಡ ಬಸವಣ್ಣನ ಗುಡಿಯಿಂದ ಸ್ವಲ್ಪ ದೂರ ನಡೆದರೆ ಗವಿಪುರದ ಗವಿ ಗಂಗಾಧರೇಶ್ವರ. ಬಂಡೆಯನ್ನೇ ಕೊರೆದು ಮಾಡಿದ ಗುಡಿ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗದ ಮೇಲೆ ಬೀಳುತ್ತದೆ. ಆ ದಿನ ಸಾವಿರಾರು ಜನ ಸೇರುತ್ತಾರೆ. ಒಂಬತ್ತನೆಯ ತರಗತಿಯಲ್ಲಿದ್ದಾಗ ಆ ನೂಕುನುಗ್ಗಲಿನಲ್ಲಿ ಹುಡುಗಿಗೆ ಕಂಡದ್ದು ಮುಂದೆ ನಿಂತವರ ಬೆನ್ನು ಮಾತ್ರ. ಹಿಂದಿರುಗುವಾಗ ಅವಳು ಕೇಳಿದ ಪ್ರಶ್ನೆ ಹಿರಿಯರನ್ನು ತಡೆದು ನಿಲ್ಲಿಸಿತು.

'ತಾತ, ಸೂರ್ಯ ಈಗ ಉತ್ತರಕ್ಕೆ ಬರ್ತಾ ಇದಾನೆ. ದಕ್ಷಿಣಕ್ಕೆ ಹೋಗುವಾಗಲೂ ಇದೇ ಜಾಗ ದಾಟಿಯೇ ಹೋಗಿರಬೇಕಲ್ವಾ? ಆಗಲೂ ಬಿಸಿಲು ಬಂದಿರಬೇಕು.'

'ನೀನೇ ಲೆಕ್ಕ ಹಾಕಿ ಹೇಳಮ್ಮ' ಎಂದರು ತಾತ.

ಲೆಕ್ಕ ಕಷ್ಟದ್ದಲ್ಲ. ಸೂರ್ಯ ದಕ್ಷಿಣದ ತುತ್ತತುದಿ ಮುಟ್ಟುವುದು ಡಿಸೆಂಬರ್ 21ರ ಸುಮಾರಿಗೆ. ಅಲ್ಲಿಂದ ಸಂಕ್ರಾಂತಿಗೆ 24 ದಿನ. ಹಾಗಾದರೆ 24 ದಿನ ಹಿಂದಕ್ಕೆ ಎಣಿಸಿದರೆ ನವೆಂಬರ್ 27. ಆಚೆ ಈಚೆ ಒಂದೆರಡು ದಿನ ಸೂರ್ಯ ಮುಳುಗುವ ದಿಕ್ಕು ಸಂಕ್ರಾಂತಿಯದ್ದೇ ಆಗಿರಬೇಕು. ಬೆಂಗಳೂರಿನ ನೆಹರೂ ತಾರಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದನ್ನೇ ತಿಳಿಸಿದ್ದಾರೆ: ಗವಿಗೆ ಬಿಸಿಲು ಬರುವುದು ವರ್ಷಕ್ಕೆ ಎರಡು ಸಲ. ಹುಡುಗಿಗೆ ಆ ಸಂಗತಿ ಗೊತ್ತಿರಲಿಲ್ಲ, ತಾನೇ ಕಂಡುಕೊಂಡಳು.

ಪರಿಷೆಯೂ ಹೆಚ್ಚುಕಡಿಮೆ ಅದೇ ದಿನಗಳಲ್ಲೇ ಬರುತ್ತದೆ. ಆದರೆ ಅದು ಚಂದ್ರನ ಲೆಕ್ಕ. 2023ರಲ್ಲಿ ಡಿಸೆಂಬರ್ 11ಕ್ಕೆ ಬಂದ ಕಡೆಯ ಸೋಮವಾರ 2024ರಲ್ಲಿ ನವೆಂಬರ್ 25ಕ್ಕೇ ಬಂದಿತ್ತು. ಗವಿಯ ಬಿಸಿಲು ಮಾತ್ರ ಸೂರ್ಯನ ಲೆಕ್ಕ. ಅದು ತಾರೀಖು ತಪ್ಪಿಸುವುದಿಲ್ಲ.

ಹತ್ತು ತಿಂಗಳು ಕಾಯಬೇಕಾಯಿತು. ದಸರಾ ರಜೆ ಕಳೆಯಿತು, ಟ್ಯೂಷನ್ ಶುರುವಾಯಿತು. ಹಿರಿಯರು ಭಾನುವಾರ ಒಬ್ಬರೇ ಬಂಡೆ ಹತ್ತಿಳಿದು ಬರುತ್ತಿದ್ದರು. ನವೆಂಬರ್ 27 ಬಂತು. ಸಂಜೆ ಇಬ್ಬರೂ ಗವಿಪುರಕ್ಕೆ ಹೋದರು. ಪಡುವಣದಲ್ಲಿ ಮೋಡ ಕವಿದಿತ್ತು, ಬಿಸಿಲು ಬರಲಿಲ್ಲ. ಮನೆಗೆ ಬಂದ ಹುಡುಗಿ ಊಟಕ್ಕೆ ಕುಳಿತಾಗಲೂ ಮಾತಾಡಲಿಲ್ಲ. ಏನಾಯಿತೆಂದು ಅಪ್ಪ ಕೇಳಿದಾಗ ನೋಟ್‌ಬುಕ್ಕಿನ ಹಾಳೆ ತೋರಿಸಿದಳು. ಅದರಲ್ಲಿ ಸೂರ್ಯ ಮುಳುಗುವ ದಿಕ್ಕುಗಳು, ಎರಡು ತಾರೀಖುಗಳು, ನಡುವೆ ಒಂದು ಗೆರೆ. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು.

ಮರುದಿನ ಅವರೂ ಆಫೀಸಿನಿಂದ ಬೇಗ ಹೊರಟು ಗವಿಪುರಕ್ಕೆ ಬಂದರು. ಅಂದು ಪಡುವಣ ತಿಳಿಯಾಗಿತ್ತು. ಗುಡಿಯಲ್ಲಿ ಹತ್ತು ಜನರೂ ಇರಲಿಲ್ಲ. ಐದು ಗಂಟೆ ದಾಟುತ್ತಿದ್ದಂತೆ ಬಿಸಿಲಿನ ಪಟ್ಟೆಯೊಂದು ಮೆಲ್ಲನೆ ಗವಿಯೊಳಕ್ಕೆ ಬಂದಿತು. ಯಾರೂ ಜಯಕಾರ ಹಾಕಲಿಲ್ಲ, ಗಂಟೆ ಬಾರಿಸಲಿಲ್ಲ. ಹುಡುಗಿ ಕೈಗಡಿಯಾರ ನೋಡಿ ಸಮಯ ಬರೆದುಕೊಂಡಳು.

ಈಗ ಟ್ಯೂಷನ್ ಶನಿವಾರ ಸಂಜೆಗೆ ಬದಲಾಗಿದೆ. ಭಾನುವಾರ ಬೆಳಗ್ಗೆ ಆರು ಗಂಟೆಗೆ ಹೊರಡುವವರು ಮೂವರು. ಬಂಡೆ, ಮರ, ದೋಸೆ, ಕಡಲೆಕಾಯಿ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲೇ ಇವೆ. ನಿಮ್ಮ ಊರಿನಲ್ಲೂ ಇಂಥದೊಂದು ಬಂಡೆಯೋ ಗುಡಿಯೋ ಸಂತೆಯೋ ಇದ್ದೇ ಇರುತ್ತದೆ. ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೊರಡಿ. ಅವರು ಪ್ರಶ್ನೆ ಕೇಳಿದರೆ ಮಾತ್ರ, ಉತ್ತರ ಹೇಳುವುದಕ್ಕೆ ಅವಸರ ಮಾಡಬೇಡಿ.